ಮಾಯಾ ಹಾಲು ಕಲಿತ ವರ್ಷ

ಹೋದ ತಿಂಗಳು ಒಂದು ಕೆಲಸದ ಮೇಲೆ ನಿಲಂಗಾದಿಂದ ಉಮರ್ಗಾಕ್ಕೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು, ಬಸ್ಸಿಗೆ ಇನ್ನೂ ಹೊತ್ತಿತ್ತು. ಕಾಲುಗಳು ತಾವಾಗಿಯೇ ಹೆದ್ದಾರಿ ದಾಟಿ ನಾನು ಹಿಂದೆ ಬಾಡಿಗೆಗಿದ್ದ ಗಲ್ಲಿಯ ಹಾದಿ ಹಿಡಿದವು. ನನ್ನ ಕೋಣೆಗೆ ಈಗ ಬೇರೆ ಯಾರೋ ಬಂದಿದ್ದಾರೆ. ಅವರು ಒಲೆಯ ಮೇಲೆ ಹಾಲಿಟ್ಟು ಮರೆತಿರಬೇಕು, ಉಕ್ಕಿ ಚೆಲ್ಲಿ ಸೀದ ವಾಸನೆ ಬಾಗಿಲಾಚೆಗೂ ಬಂದಿತ್ತು. ಒಳಗಿನಿಂದ ಹೆಂಗಸೊಬ್ಬಳು ತನ್ನನ್ನು ತಾನೇ ಬೈದುಕೊಳ್ಳುವುದು ಕೇಳಿಸಿತು. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಆ ಒಲೆಯ ಮೇಲೆ ನಾನು ಒಂದು ವರ್ಷ ದಿನಾ ಮುಂಜಾನೆ ಹಾಲು ಕಾಯಿಸಿದ್ದೇನೆ. ಒಂದು ದಿನವೂ ಅದರ ಮುಂದಿನಿಂದ ಕದಲಲಿಲ್ಲ, ಒಂದು ದಿನವೂ ಉಕ್ಕಲು ಬಿಡಲಿಲ್ಲ.

ನಾವು ಹಾಲುಮತದವರು. ಕುರಿ ಕಾಯುವ ಕುಲ, ಬೀರಪ್ಪ ನಮ್ಮ ದೇವರು. ಮಹಾರಾಷ್ಟ್ರದ ಗಡಿಯಲ್ಲಿರುವ ಗುಂಜೋಟಿಯಲ್ಲಿ ನನ್ನ ತಮ್ಮ ಮಾಳಪ್ಪನಿಗೆ ಒಂದು ಹಿಂಡು ಕುರಿ, ಎರಡು ಆಕಳು, ಸ್ವಲ್ಪ ಹೊಲ ಇವೆ. ಕುಲದ ಹೆಸರಿನಲ್ಲೇ ಹಾಲಿರುವ ಆ ಮನೆಯಲ್ಲಿ ಹುಟ್ಟಿದ ಮಾಳಪ್ಪನ ಒಬ್ಬಳೇ ಮಗಳು ಮಾಯಾಳಿಗೆ ಹಾಲು ಆಗುತ್ತಿರಲಿಲ್ಲ. ಹೊಟ್ಟೆ ಕೆಡುವ ಸಣ್ಣ ಮಾತಲ್ಲ ಅದು. ಆರು ತಿಂಗಳ ಕೂಸಿದ್ದಾಗ ಬೆರಳ ತುದಿಯಷ್ಟು ಆಕಳ ಹಾಲು ನೆಕ್ಕಿಸಿದ್ದಕ್ಕೆ ಮೈತುಂಬ ದದ್ದೆದ್ದು ಕಣ್ಣು ಮುಚ್ಚಿಹೋಗಿದ್ದವು. ಆಡಿನ ಹಾಲು ನಡೆಯುತ್ತದೆ ಎಂದರು, ನಡೆಯಲಿಲ್ಲ. ಕುರಿ ಹಾಲೂ ಅಷ್ಟೇ. ಮೊಸರು, ಮಜ್ಜಿಗೆ, ಖವಾ, ಕೊನೆಗೆ ಅರ್ಧ ಬಿಸ್ಕೀಟು ಕೂಡ ಆಗುತ್ತಿರಲಿಲ್ಲ. ಬೆಳೆದಂತೆ ಅನೇಕ ಮಕ್ಕಳಿಗೆ ಇದು ತಾನಾಗಿ ಬಿಟ್ಟುಹೋಗುತ್ತದೆ. ನಾನು ಉಮರ್ಗಾದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಅಷ್ಟು ತಿಳಿದಿದ್ದೆ. ಕಾದೆವು. ಮಾಯಾಳಿಗೆ ಹತ್ತು ತುಂಬಿತು, ಬಿಟ್ಟುಹೋಗಲಿಲ್ಲ.

ಆ ಬೇಸಿಗೆ ನಮ್ಮ ಬಳಗದವರ ಮನೆಯಲ್ಲಿ ತೊಟ್ಟಿಲ ಕಾರ್ಯ ಇತ್ತು. ಮಾಯಾ ಯಾರು ಏನು ಕೊಟ್ಟರೂ ಕೈ ಹಿಂದೆ ಕಟ್ಟಿಕೊಳ್ಳುವುದನ್ನು ಕಲಿತಿದ್ದಳು. ಅವತ್ತು ಒಬ್ಬ ಮುದುಕಿ ಪ್ರೀತಿಯಿಂದ ಆಕೆಯ ಗದ್ದ ಹಿಡಿದು, "ಇಷ್ಟಕ್ಕ ಏನಾಗ್ತದ, ತಿನ್ನು ನನ ಬಂಗಾರ" ಎನ್ನುತ್ತಲೇ ಪೇಢೆಯ ಚೂರನ್ನು ಬಾಯೊಳಗೆ ತುರುಕಿಬಿಟ್ಟಳು. ಮಾಯಾ ಉಗುಳಿದಳು. ಆದರೂ ಒಂದಿಷ್ಟು ಒಳಗೆ ಹೋಗಿತ್ತು. ಐದು ನಿಮಿಷದಲ್ಲಿ ತುಟಿ ಊದಿದವು, ವಾಂತಿಯಾಯಿತು, ಎದೆಯಿಂದ ಸೀಟಿ ಊದಿದಂಥ ಸದ್ದು ಹೊರಡತೊಡಗಿತು. ಮಂದಿ ಗುಂಪುಗೂಡಿ ಒಬ್ಬರು ಬೀರಪ್ಪನ ಭಂಡಾರ ತನ್ನಿ ಎಂದರು, ಒಬ್ಬರು ನಿಂಬೆಹಣ್ಣು ಎಂದರು. ನನ್ನ ಚೀಲದಲ್ಲಿ ಇಂಥ ಹೊತ್ತಿಗೆಂದೇ ಇಟ್ಟುಕೊಂಡ ಅಡ್ರಿನಾಲಿನ್ ಇಂಜೆಕ್ಷನ್ ಇತ್ತು. ಆಕೆಯನ್ನು ನೆಲಕ್ಕೆ ಮಲಗಿಸಿ, ಲಂಗದ ಮೇಲಿನಿಂದಲೇ ತೊಡೆಗೆ ಚುಚ್ಚಿದೆ. "ದೇವರ ಹೆಸರು ತಗೋಳಾರದ ಸೂಜಿ ಚುಚ್ಚತಾಳ" ಎಂದು ಯಾರೋ ಗೊಣಗಿದರು. ನಾನು ತಿರುಗಿಯೂ ನೋಡಲಿಲ್ಲ. ಮಾಳಪ್ಪನ ಮೋಟಾರ್‌ಸೈಕಲ್ಲಿನ ಮೇಲೆ ಆಕೆಯನ್ನು ನಡುವೆ ಕೂಡಿಸಿಕೊಂಡು ಉಮರ್ಗಾ ಮುಟ್ಟಿದೆವು. ದಾರಿಯುದ್ದಕ್ಕೂ ಆಕೆಯ ಬೆನ್ನಿಗೆ ಕಿವಿ ಹಚ್ಚಿಕೊಂಡು ಉಸಿರು ಕೇಳುತ್ತಿದ್ದೆ.

ಮಾಯಾ ಉಳಿದಳು. ಆದರೆ ಆಮೇಲಿನ ದಿನಗಳನ್ನು ಉಳಿದದ್ದು ಎನ್ನಬೇಕೋ ಏನೋ. ಆಕೆಯ ತಾಯಿ ಸುನೀತಾ ಹೆದರಿ ಶಾಲೆ ಬಿಡಿಸಿದಳು. ಮಕ್ಕಳು ಡಬ್ಬಿಯಲ್ಲಿ ಮೊಸರು ತರುತ್ತಾರೆ, ಯಾರ ಕೈ ಎಲ್ಲಿ ತಗಲೀತೋ ಎಂಬ ಭಯ. ಆಕಳು ಹಿಂಡುವ ಹೊತ್ತಿಗೆ ಮಾಯಾ ಒಳಕೋಣೆಯಲ್ಲಿರಬೇಕು. ಕುರಿಮರಿ ಮುಟ್ಟಬಾರದು, ಅದರ ಮೂತಿಗೆ ಹಾಲು ಅಂಟಿರುತ್ತದೆ. ಹತ್ತು ವರ್ಷದ ಹುಡುಗಿ ಇಡೀ ದಿನ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಊರ ಮಂದಿ ಹಾಯುವಾಗ ಮಾತು ಬೀಳಿಸಿ ಹೋಗುವರು.

"ಹಾಲುಮತದಾಗ ಹುಟ್ಟಿ ಹಾಲಿಗೇ ಬ್ಯಾಡಾದ ಕೂಸು. ಏನರೆ ದೋಷ ಇರಬೇಕು."

ನನ್ನ ಅವ್ವನೂ ಅದನ್ನೇ ನಂಬಿದ್ದಳು. ಹರಕೆ ಹೊತ್ತಳು, ಉಪವಾಸ ಮಾಡಿದಳು. ಒಂದು ದಿನ ನಾನು ತಡೆಯಲಾರದೆ ಕೇಳಿದೆ.

"ಯವ್ವಾ, ಬೀರಪ್ಪಗ ಬ್ಯಾರೆ ಕೆಲಸ ಇಲ್ಲೇನು? ಹತ್ತ ವರ್ಷದ ಹುಡುಗಿ ಮ್ಯಾಲ ಸಿಟ್ಟ ಇಟಗೊಂಡು ಕೂಡ್ತಾನ?"

"ಮತ್ತ ಯಾಕ ಆಗ್ಯಾದ, ನೀನೇ ಹೇಳು. ದವಾಖಾನ್ಯಾಗ ಕೆಲಸ ಮಾಡ್ತಿ, ದವಾ ಯಾಕ ಇಲ್ಲ ಇದಕ್ಕ?"

ಆ ಪ್ರಶ್ನೆಯೇ ನನ್ನನ್ನು ಕೆರಳಿಸಿತು. ಹುಟ್ಟಿದಾಗಿನಿಂದ ಎಲ್ಲ ಡಾಕ್ಟರೂ ಹೇಳಿದ್ದು ಒಂದೇ ಮಾತು, ಹಾಲು ತಪ್ಪಿಸಿರಿ. ತಪ್ಪಿಸಿದೆವು. ಹತ್ತು ವರ್ಷ ತಪ್ಪಿಸಿ ಒಬ್ಬ ಮುದುಕಿಯ ಮುದ್ದಿಗೆ ಸೋತೆವು. ನಮ್ಮ ದವಾಖಾನೆಯ ದೊಡ್ಡ ಡಾಕ್ಟರ ಮುಂದೆ ಹೋಗಿ, ತಪ್ಪಿಸುವುದು ಬಿಟ್ಟು ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಅವರು ಹೈದರಾಬಾದಿನಲ್ಲಿ ಅಲರ್ಜಿಯನ್ನೇ ನೋಡುವ ಒಬ್ಬ ಮಕ್ಕಳ ಡಾಕ್ಟರಮ್ಮ ಇದ್ದಾರೆ ಎಂದರು. ಯಾವ ಆಹಾರ ಆಗುವುದಿಲ್ಲವೋ ಅದನ್ನೇ ಕಣಕಣವಾಗಿ ಕೊಟ್ಟು ಮೈಗೆ ರೂಢಿ ಮಾಡಿಸುವ ಚಿಕಿತ್ಸೆ ಕೊಡುತ್ತಾರಂತೆ.

"ಆದ್ರ ಶೋಭಾ ಸಿಸ್ಟರ್, ಇದು ಹೊಸಾದು. ಅಪಾಯ ಅದ. ಫೋನಿನಾಗ ನೋಡಿ ಮನ್ಯಾಗ ಏನೂ ಸುರು ಮಾಡಬ್ಯಾಡ್ರಿ" ಎಂದು ಬೆರಳೆತ್ತಿ ಹೇಳಿದರು. ಮಾಡುವುದಿಲ್ಲ ಎಂದು ಮಾತು ಕೊಟ್ಟೆ.

ಮಾಳಪ್ಪನನ್ನೂ ಮಾಯಾಳನ್ನೂ ಕರೆದುಕೊಂಡು ಹೈದರಾಬಾದಿನ ಬಸ್ಸು ಹತ್ತಿದೆ. ಡಾಕ್ಟರಮ್ಮ ಹಿಂದಿಯಲ್ಲಿ ಹೇಳಿದ್ದನ್ನು ನಾನು ತಮ್ಮನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಮಾಯಾಳ ಮೈ ಹಾಲನ್ನು ಕಳ್ಳನೆಂದು ತಿಳಿದಿದೆ. ಕಣ್ಣಿಗೂ ಕಾಣದಷ್ಟು ಹಾಲಿನಿಂದ ಸುರುಮಾಡಿ, ಎರಡು ವಾರಕ್ಕೊಮ್ಮೆ ಇಲ್ಲಿ ನಮ್ಮ ಕಣ್ಣೆದುರು ಸ್ವಲ್ಪ ಹೆಚ್ಚಿಸುತ್ತೇವೆ. ಹೆಚ್ಚಿಸಿದ ಅಳತೆಯನ್ನೇ ಮನೆಯಲ್ಲಿ ದಿನಾ ಕೊಡಬೇಕು, ಒಂದು ಹನಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಬಾಯಿ ತುರಿಸಬಹುದು, ಹೊಟ್ಟೆ ನೋಯಬಹುದು, ಒಮ್ಮೊಮ್ಮೆ ಜೀವಕ್ಕೇ ಬರಬಹುದು. ಪೂರ್ತಿ ವಾಸಿಯಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ತಪ್ಪಿ ಬಾಯಿಗೆ ಬಿದ್ದ ಹಾಲಿಗೆ ಪ್ರಾಣ ಹೋಗದ ಹಾಗೆ ಮಾಡಲು ನೋಡುತ್ತೇನೆ.

ಮಾಳಪ್ಪ ಟೇಬಲ್ಲಿನ ಮೇಲಿದ್ದ ಒಪ್ಪಿಗೆಯ ಕಾಗದವನ್ನೂ ಪೆನ್ನನ್ನೂ ನೋಡುತ್ತ ಕೂತ.

"ಅಕ್ಕಾ, ವಿಷ ಅಂತ ಗೊತ್ತಿದ್ದ ಮ್ಯಾಲ ನಮ್ಮ ಕೈಯಾರೆ ಹ್ಯಾಂಗ ಕುಡಸೂದು?"

"ಮಂದಿ ಕೈಯಿಂದ ಬಿದ್ದದ್ದ ನೋಡಿಲ್ಲೇನು? ನಮ್ಮ ಕೈಯಾಗಿದ್ರ ಅಳತಿ ನಮದು."

ಅವನು ಒಪ್ಪಲಿಲ್ಲ. ಆಗ ಡಾಕ್ಟರಮ್ಮ ಕುರ್ಚಿ ಸರಿಸಿಕೊಂಡು ಮಾಯಾಳ ಎದುರಿಗೆ ಕೂತು, ನಿನಗೇನು ಬೇಕು ಎಂದು ಕೇಳಿದರು. ಆವರೆಗೆ ಯಾರೂ ಆ ಹುಡುಗಿಯನ್ನು ಅದನ್ನು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಾಯಾಳಿಗೆ ಹಿಂದಿ ಅಷ್ಟು ಬರುತ್ತಿರಲಿಲ್ಲ. ಶಾಲೆಯ ಭಾಷೆಯಲ್ಲೇ, ಮರಾಠಿಯಲ್ಲಿ, ಗಟ್ಟಿಯಾಗಿ ಹೇಳಿದಳು.

"ಮಲಾ ಶಾಳೇತ ಜಾಯಚಂಯ." ನನಗೆ ಶಾಲೆಗೆ ಹೋಗಬೇಕು.

ಮಾಳಪ್ಪ ಪೆನ್ನು ತೆಗೆದುಕೊಂಡ.

ದವಾಖಾನೆ ಹತ್ತಿರ ಇರಬೇಕೆಂಬುದು ಡಾಕ್ಟರಮ್ಮನ ಷರತ್ತು. ಹಾಗಾಗಿ ಮಾಯಾ ಜೂನಿನಲ್ಲಿ ಉಮರ್ಗಾದ ನನ್ನ ಕೋಣೆಗೆ ಬಂದಳು. ಗಂಡನ ಮನೆ ಬಿಟ್ಟು ಬಂದು ಒಬ್ಬಳೇ ಇದ್ದವಳು ನಾನು. ನನ್ನ ಬಗ್ಗೆ ಮಂದಿ ಆಡುವುದನ್ನು ಆಡಿ ಮುಗಿಸಿದ್ದರು. ಇನ್ನು ಮಾಯಾಳ ಬಗ್ಗೆ ಆಡಲಿ ಎಂದುಕೊಂಡೆ. ಇಬ್ಬರಿಗೂ ಕೂಡಿ ಒಂದೇ ಕಿವಿ ಸಾಕಾಗಿತ್ತು, ಅದನ್ನೂ ಮುಚ್ಚಿಕೊಂಡಿದ್ದೆವು.

ಮೊದಲನೆಯ ಡೋಸನ್ನು ಹೈದರಾಬಾದಿನಲ್ಲೇ ಕೊಟ್ಟರು. ನೀರಿನಲ್ಲಿ ಎಷ್ಟು ತೆಳುವಾಗಿ ಬೆರೆಸಿದ್ದರೆಂದರೆ ಬಿಳುಪು ಕೂಡ ಕಾಣುತ್ತಿರಲಿಲ್ಲ. ಆಮೇಲಿನ ವಾರಗಳಲ್ಲಿ ಹನಿ ಎರಡಾಯಿತು, ಮೂರಾಯಿತು, ಬಣ್ಣ ಬಂತು. ಒಂದು ದಿನ ನೀರಿಲ್ಲದ ಹಾಲು ಸಿರಿಂಜಿನೊಳಗೆ ಬಂತು. ಅದನ್ನು ನಾಲಿಗೆಯ ಮೇಲೆ ಬಿಟ್ಟಾಗ ಮಾಯಾ ಮುಖ ಕಿವುಚಿದಳು.

"ಹ್ಯಾಂಗದ?" ಎಂದೆ.

"ಥೂ. ಇದಕ್ಕೇನು ಎಲ್ಲಾರು ಇಷ್ಟು ಬಡಕೋಂತಾರ?"

ಬೆಳಗಿನ ನಮ್ಮ ಕೆಲಸ ಹೀಗಿತ್ತು. ಆರಕ್ಕೆ ಎದ್ದು ಪ್ಯಾಕೆಟ್ ಹಾಲು ಕಾಯಿಸಿ ಆರಿಸಿ ಕೆನೆ ತೆಗೆಯುವುದು. ಮಾಯಾ ಜೋಳದ ರೊಟ್ಟಿ, ಪುಂಡಿಪಲ್ಯ ಹೊಟ್ಟೆತುಂಬ ತಿನ್ನುವುದು, ಖಾಲಿ ಹೊಟ್ಟೆಯಲ್ಲಿ ಕೊಡುವ ಹಾಗಿರಲಿಲ್ಲ. ಏಳಕ್ಕೆ ಸಿರಿಂಜಿನಲ್ಲಿ ಅಳೆದು ಡೋಸು. ಆಮೇಲೆ ಎರಡು ತಾಸು ಓಡಬಾರದು, ಕುಣಿಯಬಾರದು, ಬಿಸಿನೀರು ಮೈಗೆ ಹಾಕಿಕೊಳ್ಳಬಾರದು. ಮೈ ಕಾದರೆ ಹಾಲು ತಿರುಗಿಬೀಳುತ್ತದೆ. ಹತ್ತು ವರ್ಷದ ಹುಡುಗಿಯನ್ನು ದಿನಾ ಎರಡು ತಾಸು ಕೂಡಿಸಿ ನೋಡಿರಿ, ಗೊತ್ತಾಗುತ್ತದೆ. ಕಿಟಕಿಯಲ್ಲಿ ಕೂತು ಹೆದ್ದಾರಿಯ ಲಾರಿಗಳ ಹಿಂದೆ ಬರೆದದ್ದನ್ನು ಓದುತ್ತಿದ್ದಳು. ಮರಾಠಿ ಬರುತ್ತಿತ್ತು, ಹಿಂದಿ ಕಲಿತಳು. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬಾರದವಳು ಆ ಮಳೆಗಾಲದಲ್ಲಿ ಬೀದರ, ಕಲಬುರಗಿಯ ಲಾರಿಗಳ ಮೇಲಿನ ಕನ್ನಡವನ್ನು ನನ್ನ ಕೈಯಿಂದ ಹೇಳಿಸಿಕೊಂಡು ಕಲಿತಳು. ಗುಂಯ್ ಎನ್ನುವ ಮಳೆ, ಗಾಲಿಗಳು ಎರಚುವ ಕೆಸರು, ಕಿಟಕಿಯ ಸರಳು ಹಿಡಿದು ಕೂಗಿ ಓದುವ ಹುಡುಗಿ.

ಒಂಬತ್ತಕ್ಕೆ ಶಾಲೆಯ ತಯಾರಿ. ಉಮರ್ಗಾದ ಶಾಲೆಯಲ್ಲಿ ಸೇರಿಸುವ ಮೊದಲು ನಾನು ಅಲ್ಲಿನ ಇಬ್ಬರು ಶಿಕ್ಷಕಿಯರನ್ನು ಕೂಡಿಸಿಕೊಂಡು ಅಡ್ರಿನಾಲಿನ್ ಕೊಡುವ ಅಭ್ಯಾಸಕ್ಕೆಂದು ಮೋಸಂಬಿ ಹಣ್ಣಿಗೆ ಸೂಜಿ ಚುಚ್ಚುವುದನ್ನು ಕಲಿಸಿದೆ. ಒಬ್ಬರ ಸೂಜಿ ಅಡ್ಡಲಾಗಿ ಹೋಯಿತು. ಎರಡನೆಯ ಹಣ್ಣಿಗೆ ನೆಟ್ಟಗೆ ಹೋಯಿತು. ಮಾಯಾ ಎದುರಿಗೇ ನಿಂತು ನೋಡಿ, "ನನ ತೊಡಿ ಇಷ್ಟು ಬಿರುಸಿಲ್ಲ ಮ್ಯಾಡಮ್, ಸಾವಕಾಶ" ಎಂದಳು.

ಎಲ್ಲ ಸುಸೂತ್ರ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬಾಯಿ ತುರಿಸದ ದಿನ ಅಪರೂಪ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ ದಿನಗಳಿದ್ದವು. ಹೈದರಾಬಾದಿನ ಬಸ್ಸಿನಲ್ಲಿ ಒಮ್ಮೆ ಜಹೀರಾಬಾದ್ ಬರುವುದರೊಳಗೆ ಎರಡು ಸಲ ವಾಂತಿ ಮಾಡಿದಳು. ಪಕ್ಕದ ಸೀಟಿನ ಹೆಂಗಸು, "ಪಾಪ, ಏನಾಗ್ಯಾದರಿ ಕೂಸಿಗಿ?" ಎಂದು ಕೇಳಿದಾಗ ಮಾಯಾ ಬಾಯಿ ಒರೆಸಿಕೊಂಡು, "ಏನಾಗಿಲ್ಲ. ಹಾಲು ಕುಡಿಲಿಕ್ಕ ಕಲಿಯಾಕತ್ತೀನಿ" ಎಂದಳು. ಆ ಹೆಂಗಸಿಗೆ ತಲೆಬುಡ ತಿಳಿಯಲಿಲ್ಲ.

ಶ್ರಾವಣದ ಹೊತ್ತಿಗೆ ಐದು ಎಂಎಲ್‌ಗೆ ಮುಟ್ಟಿದ್ದೆವು. ಒಂದು ಚಮಚ. ಆ ಶನಿವಾರ ಹೈದರಾಬಾದಿಗೆ ಹೋಗಿ ಇನ್ನೂ ಹೆಚ್ಚಿಸಬೇಕಿತ್ತು. ಗುರುವಾರ ಮುಂಜಾನೆ ಎಂದಿನಂತೆ ಡೋಸು ಕೊಟ್ಟೆ. ಅರ್ಧ ತಾಸಿನೊಳಗೆ ಕುತ್ತಿಗೆಯ ಮೇಲೆ ದದ್ದು ಎದ್ದವು, ಕೆಮ್ಮು ಸುರುವಾಯಿತು, ದನಿ ಒಡೆಯಿತು. ಅತ್ತೆಯಾದ ನನ್ನನ್ನು "ಆತ್ಯಾ" ಎಂದು ಕರೆದದ್ದು ಯಾರದೋ ಮುದುಕಿಯ ಗಂಟಲಿನಿಂದ ಬಂದ ಹಾಗಿತ್ತು. ಚುಚ್ಚಿದೆ, ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆ. ಅಲ್ಲಿ ಥರ್ಮಾಮೀಟರ್ ಇಟ್ಟಾಗ ತಿಳಿಯಿತು, ಹುಡುಗಿಗೆ ಜ್ವರ ಇತ್ತು. ಜ್ವರದಲ್ಲಿ ಕೊಡಬಾರದು ಎಂದು ಡಾಕ್ಟರಮ್ಮ ನೂರು ಸಲ ಹೇಳಿದ್ದರು. ಊರ ಮಕ್ಕಳಿಗೆಲ್ಲ ಜ್ವರ ನೋಡುವ ನಾನು ಅವತ್ತು ನನ್ನ ಮನೆಯ ಹುಡುಗಿಯ ಹಣೆ ಮುಟ್ಟಿರಲಿಲ್ಲ.

ಮಧ್ಯಾಹ್ನಕ್ಕೆ ಆಕೆ ಸುಧಾರಿಸಿಕೊಂಡಳು. ಡಾಕ್ಟರಮ್ಮ ಫೋನಿನಲ್ಲಿ ನನ್ನನ್ನು ಬೈದರು, ಬೈಸಿಕೊಂಡೆ. ಜ್ವರ ಹೋಗುವವರೆಗೆ ಬಿಡಿರಿ, ಆಮೇಲೆ ಇಲ್ಲಿಗೆ ಬಂದು ಅರ್ಧಕ್ಕಿಂತ ಕೆಳಗಿನಿಂದ ಮತ್ತೆ ಸುರುಮಾಡೋಣ ಎಂದರು.

ಮರುದಿನ ಮಾಳಪ್ಪ, ಅವ್ವನನ್ನು ಹಿಂದೆ ಕೂಡಿಸಿಕೊಂಡು ಬಂದ. ಕೋಣೆಯೊಳಗೆ ಕಾಲಿಟ್ಟವನು ಕೂಡಲೂ ಇಲ್ಲ.

"ಸಾಕಕ್ಕಾ. ಆಕಿ ಅರಬಿ ಗಂಟು ಕಟ್ಟು, ಮನಿಗಿ ಒಯ್ತೀನಿ."

"ಮಾಳಪ್ಪಾ, ಕೇಳು..."

"ಏನ ಕೇಳ್ಲಿ? ನೀ ನರ್ಸ ಅದೀ, ಗೊತ್ತಾಗ್ತದ ಅಂತ ಬಿಟ್ಟಿದ್ದೆ. ನಿನ್ನ ಕಣ್ಣ ಮುಂದ, ನಿನ್ನ ಕೈಯಿಂದ ಹಿಂಗಾತು."

ಅವನು ಹೇಳಿದ್ದು ಖರೇ ಇತ್ತು. ಗಂಡನ ಮನೆ ಬಿಟ್ಟಾಗಲೂ, ಊರೆಲ್ಲ ಎದುರಾದಾಗಲೂ ತಲೆ ತಗ್ಗಿಸದವಳು ಅವತ್ತು ತಗ್ಗಿಸಿದೆ. ಆಗ ಹಾಸಿಗೆಯ ಮೇಲಿಂದ ಮಾಯಾಳ ಒಡಕು ದನಿ ಬಂತು.

"ಅಪ್ಪಾ, ಆತ್ಯಾಂದು ತಪ್ಪಿಲ್ಲ. ಜ್ವರ ಬಂದಿದ್ದು ನನಗ ಗೊತ್ತಿತ್ತು. ಮಾರಿಗಿ ತಣ್ಣೀರ ಹಾಕೊಂಡು ಬಂದು ಕೂತೆ, ಗೊತ್ತಾಗಬಾರದಂತ."

"ಯಾಕವ್ವಾ?" ಮಾಳಪ್ಪನ ಸಿಟ್ಟು ಅರ್ಧಕ್ಕೇ ನಿಂತಿತು.

"ಹೇಳಿದ್ರ ಡೋಸ್ ಬಿಡಸ್ತಿದ್ರು. ಶನಿವಾರ ಹೆಚ್ಚು ಮಾಡ್ತಿರಲಿಲ್ಲ. ನಾ ಹಿಂದ ಬೀಳ್ತಿದ್ದೆ."

"ಮನಿಗಿ ನಡಿ. ಹಾಲು ಇಲ್ಲದ ಎಷ್ಟು ಮಂದಿ ಬದಕ್ಯಾರ."

"ನಾ ಬರಂಗಿಲ್ಲ. ಬಂದ್ರ ಮತ್ತ ಹೊಸ್ತಲದಾಗ ಕೂಡಸ್ತೀರಿ. ನಾ ಕೂಡಂಗಿಲ್ಲ."

ಅವ್ವ ಆವರೆಗೆ ಗೋಡೆಗೆ ಒರಗಿ ಕೂತಿದ್ದಳು. ನಾನು ಆಕೆಯ ಕಡೆ ನೋಡಲು ಹೆದರಿದ್ದೆ. ದೋಷದ ಮಾತು ತೆಗೆದಾಳು, ನಾನು ಬಾಯಿಗೆ ಬಂದದ್ದು ಅಂದೇನು ಎಂದು. ಅವ್ವ ಸಿರಿಂಜನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಮಾಳ್ಯಾ, ತಾಯಿ ಸತ್ತ ಮರಿಗಿ ಬ್ಯಾರೆ ಕುರಿ ಹಾಲು ಹಚ್ಚುವಾಗ ನೀ ಏನ್ ಮಾಡ್ತಿ?"

"ಬೆರಳ ಅದ್ದಿ ನೆಕ್ಕಸ್ತೀನಿ."

"ಮರಿ ಉಗಳ್ತದ. ಆಗ?"

"ಮತ್ತ ನೆಕ್ಕಸ್ತೀನಿ."

"ಒಂದಿನ ಮರಿಗಿ ಉಬ್ಬಸ ಬಂತು ಅಂತ ಹೊಲದಾಗ ಒಗದು ಬರ್ತಿ ಏನು?"

"ಯವ್ವಾ, ಆಕಿ ಕುರಿಮರಿ ಅಲ್ಲ."

"ಅಲ್ಲ, ಖರೇ. ಮರಿಗಿಂತ ಹಟಮಾರಿ ಅದಾಳ. ಹಟ ಇದ್ದದ್ದು ಬದಕ್ತದ. ನೀ ಹೋಗು. ನಾ ಇಲ್ಲೇ ಇರ್ತೀನಿ. ದಿನಾ ಮುಂಜಾನಿ ಮೊದಲ ನಾ ಆಕಿ ಹಣಿ ಮುಟ್ಟಿ ನೋಡ್ತೀನಿ, ಆಮ್ಯಾಲ ಶೋಭಾ ಹಾಲು ಕೊಡ್ಲಿ."

ಮಾಳಪ್ಪ ಒಬ್ಬನೇ ತಿರುಗಿ ಹೋದ. ಹರಕೆ ಹೊತ್ತ ನನ್ನ ಅವ್ವ, ಹೊಲ, ಕುರಿ, ಊರು ಬಿಟ್ಟು ಎಂದೂ ಎರಡು ದಿನ ಇರದವಳು, ಹೆದ್ದಾರಿಯ ಸದ್ದಿನ ಆ ಕೋಣೆಯಲ್ಲಿ ನಮ್ಮ ಜೊತೆ ಉಳಿದಳು. ಹರಕೆಯನ್ನೇನೂ ಬಿಡಲಿಲ್ಲ. ದಿನಾ ಮಾಯಾಳ ಹಣೆ, ಕುತ್ತಿಗೆ, ಅಂಗೈ ಮುಟ್ಟಿ, ಬೀರಪ್ಪನ ಹೆಸರು ಹೇಳಿ, "ಹ್ಞೂಂ, ಕೊಡು" ಎನ್ನುವಳು. ಆಕೆ ಹೇಳದ ಹೊರತು ನಾನು ಸಿರಿಂಜು ಎತ್ತುತ್ತಿರಲಿಲ್ಲ. ಮುಂದೆ ಎರಡು ಸಲ ಥರ್ಮಾಮೀಟರಿಗಿಂತ ಮೊದಲು ಆಕೆಯ ಕೈಗೇ ಜ್ವರ ಸಿಕ್ಕಿತು.

ನಾವು ಮತ್ತೆ ಎರಡು ಎಂಎಲ್‌ನಿಂದ ಹತ್ತಿದೆವು. ಕಳೆದುಕೊಂಡ ವಾರಗಳ ಮೇಲೆ ಮಾಯಾಳಿಗೆ ಎಷ್ಟು ಸಿಟ್ಟೆಂದರೆ ಗೋಡೆಯ ಕ್ಯಾಲೆಂಡರಿನ ಶ್ರಾವಣದ ಹಾಳೆಯನ್ನೇ ಹರಿದು ಹಾಕಿದಳು. ದಸರೆಗೆ ಐದು ದಾಟಿತು. ದೀಪಾವಳಿಗೆ ಹತ್ತು. ತೊಗರಿ ಕಟಾವಿನ ಹೊತ್ತಿಗೆ ಸಿರಿಂಜು ಬಿಟ್ಟು ಅಳತೆಯ ಸಣ್ಣ ಕಪ್ಪಿಗೆ ಬಂದೆವು. ಬಾಯಿ ತುರಿಸುವುದು ನಿಂತುಹೋದದ್ದು ಯಾವಾಗ ಎಂದು ನಮಗೆ ನೆನಪೇ ಇಲ್ಲ. ಒಂದು ಮುಂಜಾನೆ ಅವ್ವ ಕೇಳಿದಾಗ ಮಾಯಾ ಯೋಚಿಸಿ, "ಆಯಿ, ಭಾಳ ದಿನಾತು ತುರಿಸಿಲ್ಲ" ಎಂದಳು.

ಮರು ಬೇಸಿಗೆಯಲ್ಲಿ ಹೈದರಾಬಾದಿನಲ್ಲಿ ಪರೀಕ್ಷೆ ನಡೆಯಿತು. ಮಾಳಪ್ಪನೂ ಬಂದಿದ್ದ. ಬೆಳಿಗ್ಗೆಯಿಂದ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋದರು. ಮೂವತ್ತು ಎಂಎಲ್ ಆಯಿತು, ಅರವತ್ತಾಯಿತು. ಮಾಳಪ್ಪನ ಮುಖ ಅರಳಿತು. ನೂರಕ್ಕೆ ಕುತ್ತಿಗೆಯ ಮೇಲೆ ದದ್ದು, ವಾಂತಿ. ಔಷಧ ಕೊಟ್ಟು ಮಲಗಿಸಿದರು. ಮಾಯಾ ಗೋಡೆಯ ಕಡೆ ತಿರುಗಿ ಮಲಗಿದಳು.

"ಒಂದೇ ಮಾತು ಹೇಳ್ರಿ ಮ್ಯಾಡಮ್," ಮಾಳಪ್ಪ ಡಾಕ್ಟರಮ್ಮನನ್ನು ಕೇಳಿದ. "ಆರಾಮ ಆತೋ, ಇಲ್ಲೋ?" ನಾನು ಅದನ್ನು ಹಿಂದಿಯಲ್ಲಿ ಹೇಳಿದೆ.

ಎರಡೂ ಅಲ್ಲ ಎಂದರು ಡಾಕ್ಟರಮ್ಮ. ದಿನಾ ಮೂವತ್ತು ಎಂಎಲ್ ಕುಡಿಯಲಿ, ವರ್ಷಗಟ್ಟಲೆ, ತಪ್ಪಿಸದೆ. ಅದಕ್ಕಿಂತ ಹೆಚ್ಚು ಬೇಡ. ಇಂಜೆಕ್ಷನ್ ಯಾವಾಗಲೂ ಜೊತೆಗಿರಲಿ. ಮೈಯ ಈ ಸಿಟ್ಟನ್ನೇ ತಗ್ಗಿಸುವ ಹೊಸ ಇಂಜೆಕ್ಷನ್ನೊಂದನ್ನು ಹೊರದೇಶಗಳಲ್ಲಿ ಆಹಾರದ ಅಲರ್ಜಿಗೂ ಕೊಡಲು ಸುರುಮಾಡಿದ್ದಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿಯ ಮೇಲೂ ಕೆಲಸ ನಡೆದಿದೆ. ಮಾಯಾ ಬೆಳೆಯುವಷ್ಟರಲ್ಲಿ ಇನ್ನೂ ದಾರಿಗಳು ತೆರೆಯುತ್ತವೆ. ಈಗ ಇಷ್ಟು ಗೆದ್ದಿದ್ದೇವೆ, ಇದನ್ನು ಕಾಯ್ದುಕೊಳ್ಳಿರಿ.

ಬಸ್ಸಿನಲ್ಲಿ ಮಾಳಪ್ಪ ಕೈಯಲ್ಲೇ ಬಟ್ಟಲಿನ ಅಳತೆ ತೋರಿಸಿದ.

"ಒಂದು ವರ್ಷ ಅಕ್ಕಾ. ಸಣ್ಣ ಬಟ್ಟಲ ಹಾಲು."

"ಹೌದು. ಒಂದು ಬಟ್ಟಲ. ಇದಕ್ಕ ಮೊದಲ ಒಂದು ಹನಿ ಇತ್ತೇನು?"

ಮಾಯಾ ಮಧ್ಯದಲ್ಲಿ ಕೂತಿದ್ದವಳು ನಮ್ಮಿಬ್ಬರ ಮೊಣಕಾಲನ್ನೂ ತಟ್ಟಿದಳು. "ಹಾಲಿನ ರುಚಿ ನನಗ ಹ್ಯಾಂಗೂ ಸೇರಂಗಿಲ್ಲ. ಹೆಚ್ಚು ಯಾರಿಗಿ ಬೇಕಾಗ್ಯಾದ? ನಾ ಶಾಲಿಗಿ ಹೋಗ್ತೀನಿಲ್ಲ, ಅಷ್ಟೇ ಕೇಳಿದ್ದೆ."

ಊರಿನಲ್ಲಿ ಸುದ್ದಿ ಬೇರೆ ಥರ ಹಬ್ಬಿತು. ಶೋಭಾ ತಮ್ಮನ ಮಗಳನ್ನು ಹೈದರಾಬಾದಿಗೆ ಅಡ್ಡಾಡಿಸಿದಳಂತೆ, ಪೂರ್ತಿ ಆಗಲೇ ಇಲ್ಲವಂತೆ. ಒಂದು ಲಗ್ನದಲ್ಲಿ ಬಳಗದ ಹಿರಿಯನೊಬ್ಬ ಎಲ್ಲರೆದುರು ಅದನ್ನೇ ಅಂದ. ನಾನು ಕೇಳಿದೆ.

"ಕಾಕಾ, ನಿಮ್ಮ ಸಕ್ಕರಿ ಕಾಯಿಲಿ ಪೂರ್ತಿ ಹೋಗ್ಯಾದೇನು?"

"ಅದ್ಯಾಂಗ ಹೋಗ್ತದ? ದಿನಾ ಗುಳಿಗಿ ನುಂಗಬೇಕು."

"ನಮ್ಮ ಮಾಯಾನೂ ದಿನಾ ನುಂಗ್ತಾಳ. ನಿಮಗ ಗುಳಿಗಿ, ಆಕೀಗಿ ಹಾಲು. ನಿಮಗ್ಯಾರೂ ಪೂರ್ತಿ ಆಗ್ಲಿಲ್ಲ ಅಂತ ಕಾಡಂಗಿಲ್ಲಲ್ಲ?"

ಅವನು ಎದ್ದು ಕೈ ತೊಳೆಯಲು ಹೋದ. ನನಗೆ ಬಾಯಿ ಹೆಚ್ಚು ಎಂದು ಆಮೇಲೆ ಹೇಳಿಕೊಂಡರಂತೆ. ಹೆಚ್ಚೇ.

ಜೂನಿನಲ್ಲಿ ನನಗೆ ನಿಲಂಗಾದಲ್ಲಿ ಕೆಲಸ ಸಿಕ್ಕಿತು. ಡಾಕ್ಟರಮ್ಮ ಒಪ್ಪಿದ ಮೇಲೆ ಮಾಯಾ ಅಜ್ಜಿಯ ಜೊತೆ ಗುಂಜೋಟಿಗೆ ಹೋಗಿ ಊರ ಶಾಲೆಗೆ ಸೇರಿದಳು. ಅಲ್ಲಿನ ಶಿಕ್ಷಕಿಗೂ ಸೂಜಿ ಚುಚ್ಚಲು ಕಲಿಸಿ ಬಂದೆ. ಹಾಲು ಕಂಡರೆ ನಡುಗುತ್ತಿದ್ದ ಸುನೀತಾ ಈಗ ತಾನೇ ಅಳೆದು ಕೊಡತೊಡಗಿದಳು. ಮೊದಲ ವಾರ ದಿನಾ ಫೋನಿನಲ್ಲಿ ಕಪ್ಪಿನ ಗೆರೆ ತೋರಿಸಿ, "ಇಷ್ಟೇ ಹೌದಿಲ್ರಿ ಅಕ್ಕಾ?" ಎಂದು ಕೇಳುವಳು. ಎರಡನೆಯ ವಾರ ಕೇಳಲಿಲ್ಲ.

ಚಳಿಗಾಲದಲ್ಲಿ ಶಾಲೆಯವರು ಮಕ್ಕಳನ್ನು ಉದಗೀರದ ಕೋಟೆ ನೋಡಲು ಕರೆದೊಯ್ದರು. ಅವತ್ತು ನಾನು ವಾರ್ಡಿನಲ್ಲಿದ್ದೆ. ಹನ್ನೊಂದರ ಸುಮಾರಿಗೆ ಫೋನು ಬಂತು. ಶಿಕ್ಷಕಿ ಒಂದೇ ಉಸಿರಿನಲ್ಲಿ ಮರಾಠಿಯಲ್ಲಿ ಹೇಳಿದರು. ಗೆಳತಿಯೊಬ್ಬಳ ಡಬ್ಬಿಯ ಶಂಕರಪಾಳಿಯನ್ನು ಮಾಯಾ ಒಂದು ಹಿಡಿ ತಿಂದಿದ್ದಾಳೆ. ಸಕ್ಕರೆ ನೀರಿನಲ್ಲಿ ಕಲಸಿದ್ದು ಎಂದುಕೊಂಡಿದ್ದಳು. ಅದು ಹಾಲಿನಲ್ಲಿ ಕಲಸಿ ಕರಿದದ್ದೆಂದು ಈಗ ಗೊತ್ತಾಗಿದೆ.

ನಾನು ಒಂದೊಂದಾಗಿ ಹೇಳುತ್ತ ಹೋದೆ. ಆಕೆಯನ್ನು ಕೂಡಿಸಿರಿ, ನಡೆಯಲು ಬಿಡಬೇಡಿರಿ. ಇಂಜೆಕ್ಷನ್ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿರಿ. ಡ್ರೈವರಿಗೆ ದವಾಖಾನೆಯ ದಾರಿ ಕೇಳಿಟ್ಟುಕೊಳ್ಳಲು ಹೇಳಿರಿ. ಫೋನು ಮಾಯಾಳ ಕೈಗೆ ಕೊಡಿರಿ.

"ಆತ್ಯಾ, ನಾ ಕೇಳಿದ್ದೆ. ಆಕಿ ಹಾಲು ಇಲ್ಲ ಅಂದಿದ್ಳು."

"ಆಮ್ಯಾಲ ಬೈತೀನಿ. ಈಗ ಮಗ್ಗಿ ಹೇಳು."

"ಯಾವ ಮಗ್ಗಿ?"

"ಯಾವುದರೆ ಹೇಳು. ನಿಲ್ಲಸಬ್ಯಾಡ."

ಗಂಟಲು ಊದಿದರೆ ಮೊದಲು ತಿಳಿಯುವುದು ದನಿಯಲ್ಲಿ. ಆಕೆ ಹದಿಮೂರರ ಮಗ್ಗಿ ಹೇಳಿದಳು, ಹದಿನೇಳರದು ಹೇಳಿದಳು, ತಪ್ಪಿದಳು, ಮತ್ತೆ ಹೇಳಿದಳು. ನಾನು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ಆ ದನಿಯನ್ನು ಕೇಳಿದೆ. ಕರಿದ ಹಾಲು ಹಸಿ ಹಾಲಿನಷ್ಟು ಕಾಡುವುದಿಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಹಿಂದೆ ಅರ್ಧ ಬಿಸ್ಕೀಟಿಗೇ ಮೈತುಂಬ ದದ್ದೆದ್ದ ಹುಡುಗಿ ಎಂದು ಎದೆ ಹೇಳುತ್ತಿತ್ತು. ಹತ್ತು ನಿಮಿಷವಾಯಿತು. ಅರ್ಧ ತಾಸಾಯಿತು. ಶಿಕ್ಷಕಿ ಆಕೆಯ ಕುತ್ತಿಗೆ, ಕೈ, ಬೆನ್ನು ನೋಡಿ ನೋಡಿ ಹೇಳುತ್ತಿದ್ದರು, ಕಾಹೀ ನಾಹೀ, ಕಾಹೀ ನಾಹೀ. ಏನೂ ಇಲ್ಲ. ಒಂದು ತಾಸಾಗುವಾಗ ಮಾಯಾ ಮಗ್ಗಿ ನಿಲ್ಲಿಸಿದಳು.

"ಆತ್ಯಾ, ಬಾಯಿ ಒಣಗೇದ. ಏನೂ ಆಗಿಲ್ಲ ನನಗ."

"ತುರಿಕಿ?"

"ಇಲ್ಲ."

"ಹೊಟ್ಟಿ?"

"ಹಸ್ದದ."

ಇನ್ನೊಂದು ತಾಸು ಕೂಡು ಎಂದೆ. ಕೂತಳು. ಉಳಿದ ಮಕ್ಕಳು ಕೋಟೆಯೊಳಗೆ ಹೋಗಿದ್ದರು. ಫೋನು ಇಡುವಾಗ ಅವರ ಕೂಗು ದೂರದಿಂದ ಕೇಳುತ್ತಿತ್ತು. ತಾಸು ಮುಗಿದ ಕೂಡಲೇ ಆಕೆಯೇ ಮತ್ತೆ ಫೋನು ಹಚ್ಚಿದಳು.

"ಎಲ್ಲಾರು ಮ್ಯಾಲ ಬುರುಜ ಹತ್ಯಾರ. ಮ್ಯಾಡಮ್ ನನಗ ಬಿಡವಲ್ರು. ಗಿಡದ ಬುಡಕ ಕೂಡು ಅಂತಾರ. ಹೇಳು ಆತ್ಯಾ."

ಶಿಕ್ಷಕಿ ಫೋನು ತೆಗೆದುಕೊಂಡರು. ಇವತ್ತೊಂದು ದಿನ ಕೂತಿರಲಿ ಸಿಸ್ಟರ್, ಯಾಕೆ ಸುಮ್ಮನೆ, ಇನ್ನೊಮ್ಮೆ ಯಾವಾಗಲಾದರೂ ನೋಡಿದರಾಯಿತು ಎಂದರು. ಒಳ್ಳೆಯ ಹೆಂಗಸು, ಅವರ ಭಯ ನನಗೆ ಅರ್ಥವಾಗುತ್ತಿತ್ತು. ನಾನು ಸ್ಟೂಲಿನಿಂದ ಎದ್ದು ನಿಂತೆ.

"ಜಾಊ ದ್ಯಾ, ಮ್ಯಾಡಮ್," ಎಂದೆ. "ಆಕೆಯನ್ನು ಹೋಗಲು ಬಿಡಿರಿ. ಓಡುವುದಿಲ್ಲ, ನಡೆದುಕೊಂಡು ಹತ್ತುತ್ತಾಳೆ. ಬುರುಜಿನ ತುದಿವರೆಗೂ ಹೋಗಲಿ."